ಎಕ್ಸ್‌ಚೇಂಜ್ ಅಕ್ಕೋರು

ಆಕೆಯ ಮುಖ ನೋಡುವುದಕ್ಕೆ ಹತ್ತು ವರ್ಷ ಮೊದಲೇ ಆಕೆಯ ಧ್ವನಿ ನನಗೆ ಗೊತ್ತಿತ್ತು.

ಕೊಪ್ಪಳ ಜಿಲ್ಲೆಯಾದ ಹೊಸತು. ಕುಷ್ಟಗಿಯ ಬಸ್ ನಿಲ್ದಾಣದ ಎದುರಿಗೆ ನನ್ನ ಸೋದರಮಾವನ ಎಸ್‌ಟಿಡಿ ಬೂತು ಇತ್ತು. ಡಿಪ್ಲೊಮಾ ಮುಗಿಸಿ ಮನೆಯಲ್ಲಿ ಕಾಲುಚಾಚಿ ಕೂತಿದ್ದ ನನ್ನನ್ನು ಮಾವ ಎಳೆದೊಯ್ದು ಅಲ್ಲಿ ಕೂರಿಸಿದ. ಹಳದಿ ಬೋರ್ಡು, ಒಬ್ಬರು ನಿಂತರೆ ಇನ್ನೊಬ್ಬರಿಗೆ ಜಾಗವಿಲ್ಲದ ಗಾಜಿನ ಕೋಣೆ, ಒಳಗೊಂದು ಕೆಂಪು ಫೋನು. ಆ ಫೋನು ವಾರಕ್ಕೆ ಎರಡು ಸಲವಾದರೂ ಗರಗರ ಎನ್ನತೊಡಗುತ್ತಿತ್ತು. ಆಗ ದೂರಿನ ನಂಬರು ತಿರುಗಿಸಬೇಕು. ಆ ಕಡೆಯಿಂದ ಒಂದು ಹೆಣ್ಣು ಧ್ವನಿ ಬರುತ್ತಿತ್ತು. "ಹಲೋ" ಇಲ್ಲ, "ನಮಸ್ಕಾರ" ಇಲ್ಲ. ಒಂದೇ ಮಾತು: "ಹೇಳ್ರಿ."

ಒಮ್ಮೆ ನಾನು ಸಿಟ್ಟಿನಲ್ಲಿದ್ದೆ. "ಏನ್ ಹೇಳೂದ್ರಿ? ಹೋದ ವಾರ ಹೇಳಿದ್ದ ಮತ್ತ ಹೇಳಬೇಕು. ಲೈನ್‌ಮನ್ ಬಂದ, ಡಬ್ಬಿ ಬಿಚ್ಚಿದ, ಚಾ ಕುಡದ, ಹೋದ. ಗರಗರ ಹಂಗ ಐತಿ" ಎಂದೆ.

"ಸ್ವಲ್ಪ ಸುಮ್ನಿರ್ರಿ" ಎಂದಿತು ಧ್ವನಿ.

ಬೈದಳೆಂದುಕೊಂಡೆ. ಆಕೆ ಬೈದಿರಲಿಲ್ಲ, ಕೇಳುತ್ತಿದ್ದಳು. ಅರ್ಧ ನಿಮಿಷ ಕಳೆದ ಮೇಲೆ, "ಅಲ್ಲಿ ಈಗ ಗಾಳಿ ಬೀಸಾಕತ್ತೈತೇನ್ರಿ?" ಎಂದು ಕೇಳಿದಳು.

"ಹೌದ್ರಿ."

"ಬೂತಿನ ಹಿಂದ ಗಿಡ ಐತಿ?"

"ಬೇವಿನ ಗಿಡ ಐತ್ರಿ."

"ಅದರ ಟೊಂಗಿ ವಾಯರಿಗೆ ತಿಕ್ಕಾಕತ್ತೈತಿ. ಗಾಳಿ ನಿಂತಾಗ ಗರಗರ ನಿಲ್ತೈತಿ ನೋಡ್ರಿ. ಲೈನ್‌ಮನ್ ಬ್ಯಾಡ, ಕುಡಗೋಲು ತೊಗೊಂಡು ನೀವ ಏರ್ರಿ."

ಏರಿದೆ. ಟೊಂಗೆಯ ಸಿಪ್ಪೆ ಸವೆದು ಬೆಳ್ಳಗಾಗಿತ್ತು. ಮೂವತ್ತು ಮೈಲಿ ಆಚೆ ಕೊಪ್ಪಳದಲ್ಲಿ ಕೂತು, ನನ್ನ ಬೆನ್ನ ಹಿಂದಿನ ಬೇವಿನ ಮರವನ್ನು ಕಿವಿಯಿಂದಲೇ ನೋಡಿದ ಈ ಹೆಂಗಸು ಯಾರಿರಬಹುದು ಎಂದು ಅವತ್ತು ಬಹಳ ಹೊತ್ತು ಯೋಚಿಸಿದೆ.

ಆಮೇಲೆ ಎಲ್ಲರ ಕಿಸೆಗೂ ಮೊಬೈಲು ಬಂತು. ಮಾವ ಬೂತು ತೆಗೆದು ಆ ಜಾಗದಲ್ಲಿ ಝೆರಾಕ್ಸ್ ಅಂಗಡಿ ಇಟ್ಟ. ನಾನು ಅಲ್ಲಿ ಇಲ್ಲಿ ಕಂಪ್ಯೂಟರ್ ಕಲಿತು, ಕಲಿಸಿ, ಕೊನೆಗೆ ಗಂಗಾವತಿಯ ಒಂದು ಆಸ್ಪತ್ರೆಯಲ್ಲಿ ಕಂಪ್ಯೂಟರ್ ವಿಭಾಗದ ಉಸ್ತುವಾರಿಯಾದೆ. ವಿಭಾಗವೆಂದರೆ ನಾನೊಬ್ಬನೇ. ಆಸ್ಪತ್ರೆಗೆ ಕುಷ್ಟಗಿ, ಯಲಬುರ್ಗಾ ಮತ್ತು ಕಾರಟಗಿಯಲ್ಲಿ ಒಂದೊಂದು ಸಣ್ಣ ಶಾಖೆ ಇದ್ದವು. ಅಲ್ಲಿಂದೆಲ್ಲ ಇಲ್ಲಿಗೆ ಫೋನುಗಳು ಬರುತ್ತಲೇ ಇರುತ್ತಿದ್ದವು. ಫೋನಿನ ಕುರ್ಚಿಗೆ ಒಬ್ಬರು ಬೇಕೆಂದು ದೊಡ್ಡ ಡಾಕ್ಟರು ಸಂದರ್ಶನ ಇಟ್ಟರು, ನನ್ನನ್ನೂ ಪಕ್ಕದಲ್ಲಿ ಕೂರಿಸಿಕೊಂಡರು.

ನಾಲ್ಕನೆಯವರಾಗಿ ಒಳಬಂದವರು ನಡುವಯಸ್ಸು ದಾಟಿದ, ಗಿಡ್ಡನೆಯ, ಇಲಕಲ್ ಸೀರೆಯ ಹೆಂಗಸು. ಎರಡೂ ಕೈತುಂಬ ಹಸಿರು ಗಾಜಿನ ಬಳೆ. ಟೆಲಿಫೋನ್ ಇಲಾಖೆಯಲ್ಲಿ ಆಪರೇಟರ್ ಆಗಿದ್ದವರು, ಅವಧಿಗೆ ಮುಂಚೆ ನಿವೃತ್ತಿ ತೆಗೆದುಕೊಂಡಿದ್ದರು. ಡಾಕ್ಟರು ಕಾಗದ ತಿರುವುತ್ತ, "ಏನಮ್ಮ, ನಿಮ್ಮ ಬಗ್ಗೆ ಹೇಳಿ" ಎಂದರು. ಆಕೆ, ಬಾಗಿಲಲ್ಲಿ "ಬರ್ರಿ, ಕೂಡ್ರಿ" ಎಂದಿದ್ದ ನನ್ನ ಕಡೆ ತಿರುಗಿ, "ಮೊದಲು ನೀವು ಹೇಳ್ರಿ" ಎಂದರು. ಸಂದರ್ಶನಕ್ಕೆ ಬಂದವರು ಹೀಗೆ ಹೇಳಿದರೆ ಯಾರಿಗಾದರೂ ಗಾಬರಿಯಾಗುತ್ತದೆ. ನಾನು ತಡವರಿಸಿ, "ಏನು ಹೇಳೂದ್ರಿ?" ಎಂದೆ.

ಆಕೆಯ ಮುಖವೆಲ್ಲ ನಗುವಾಯಿತು. "ಕುಷ್ಟಗಿ ಬೂತು! ಬೇವಿನ ಗಿಡ! ಟೊಂಗಿ ಕಡದ್ರೋ ಇಲ್ಲೋ?"

ಡಾಕ್ಟರಿಗೆ ಏನೂ ತಿಳಿಯಲಿಲ್ಲ. ನಾನು ಕತೆ ಹೇಳಿದೆ. ಉಳಿದವರ ಸಂದರ್ಶನ ಹೆಸರಿಗೆ ಮಾತ್ರ ನಡೆಯಿತು.

ಈ ಬರಹದಲ್ಲಿ ಅವರ ಹೆಸರಿಲ್ಲ. ಬರೆಯುತ್ತೇನೆಂದಾಗ ಅವರೇ ಹಾಕಿದ ಷರತ್ತು ಅದು. "ಜಿಂದಗಿಪೂರ್ತಿ ಬ್ಯಾರೆದವರ ಹೆಸರು, ನಂಬರ್ ಹೇಳಿಕೋತ ಬಂದೀನಿ. ನನ್ನ ಹೆಸರು ಯಾರೂ ಕೇಳಿಲ್ಲ, ಆರಾಮ ಇದ್ದೆ. ಈಗ ಯಾಕ ಬೇಕದು?" ಎಂದರು. ಆಸ್ಪತ್ರೆಯಲ್ಲಿ ಎಲ್ಲರೂ ಅವರನ್ನು ಎಕ್ಸ್‌ಚೇಂಜ್ ಅಕ್ಕೋರು ಎನ್ನುತ್ತಿದ್ದರು. ನಾನೂ ಹಾಗೇ ಕರೆಯುತ್ತೇನೆ.

ಅಕ್ಕೋರು ಫೋನೆತ್ತುವ ರೀತಿಯನ್ನು ನೋಡಬೇಕಿತ್ತು. ಗಂಟೆ ಬಾರಿಸಿದ ಕೂಡಲೇ ಎಡಗೈ ಬಳೆಗಳನ್ನು ಮೊಣಕೈವರೆಗೆ ಸರಸರ ಏರಿಸಿಬಿಡುತ್ತಿದ್ದರು, ಮಾತಿನ ನಡುವೆ ಅವು ಕಿಣಿಕಿಣಿ ಎನ್ನಬಾರದೆಂದು. ಆಮೇಲೆ ಕಣ್ಣು ಮುಚ್ಚಿಕೊಂಡು "ಹೇಳ್ರಿ" ಎನ್ನುತ್ತಿದ್ದರು. ಮಾತು ಮುಗಿಯುವವರೆಗೆ ಕಣ್ಣು ತೆರೆಯುತ್ತಿರಲಿಲ್ಲ. ಎದುರಿಗೆ ಯಾರು ಬಂದು ನಿಂತರೂ ಅಷ್ಟೆ, ದೊಡ್ಡ ಡಾಕ್ಟರೇ ನಿಂತರೂ ಅಷ್ಟೆ. ಕನ್ನಡದವರಿಗೆ ಕನ್ನಡ, ಆಂಧ್ರದಿಂದ ಬಂದು ನೆಲೆಸಿದ ಕ್ಯಾಂಪಿನವರಿಗೆ ತೆಲುಗು, ಹಳೆ ಬಜಾರಿನವರಿಗೆ ಉರ್ದು. ಯಾರ ಜೊತೆ ಯಾವ ಭಾಷೆ ಎಂಬುದು ಆ ಕಡೆಯವರು ಉಸಿರೆಳೆದುಕೊಳ್ಳುವುದರಲ್ಲೇ ತಿಳಿಯುತ್ತದೆ ಎನ್ನುತ್ತಿದ್ದರು. ಇದನ್ನು ಮಾತ್ರ ನಾನು ಇವತ್ತಿಗೂ ನಂಬಿಲ್ಲ.

ಸುಳ್ಳು ಅವರಿಗೆ ಆಗದು. ಒಬ್ಬ ಕಿರಿಯ ಡಾಕ್ಟರು ತಮಗೆ ಬೇಡದ ಫೋನು ಬಂದಾಗ "ನಾನಿಲ್ಲ ಅಂತ ಹೇಳಿ" ಎಂದು ಸನ್ನೆ ಮಾಡಿದರಂತೆ. ಅಕ್ಕೋರು ಫೋನಿನ ಬಾಯಿ ಮುಚ್ಚುವ ಗೊಡವೆಗೇ ಹೋಗದೆ, "ಸಾಹೇಬ್ರು ಇಲ್ಲೇ ಅದಾರ್ರಿ, ಇಲ್ಲ ಅಂತ ಹೇಳು ಅಂತಾರ. ಸಂಜಿಕ ಹಚ್ಚಿ ನೋಡ್ರಿ" ಎಂದುಬಿಟ್ಟರು. ಆ ಡಾಕ್ಟರು ಮತ್ತೆಂದೂ ಸನ್ನೆ ಮಾಡಲಿಲ್ಲ.

ಕರೆಂಟಿನ ಆಫೀಸಿಗೆಂದು ತಪ್ಪಿ ಆಸ್ಪತ್ರೆಗೆ ಫೋನು ಮಾಡುವವರು ದಿನಕ್ಕೆ ಇಬ್ಬರಾದರೂ ಇರುತ್ತಿದ್ದರು. ರಾಂಗ್ ನಂಬರ್ ಎಂದು ಇಡುವ ರೂಢಿ ಅಕ್ಕೋರಿಗಿರಲಿಲ್ಲ. ಯಾವ ಊರು, ಟ್ರಾನ್ಸ್‌ಫಾರ್ಮರ್ ಸುಟ್ಟದ್ದು ಯಾವಾಗ ಎಂದೆಲ್ಲ ಕೇಳಿ, ಸರಿಯಾದ ನಂಬರು ಹೇಳಿ, ಎರಡೆರಡು ಸಲ ಅವರ ಬಾಯಿಂದಲೇ ಹೇಳಿಸಿ ಇಡುತ್ತಿದ್ದರು. "ನಂಬರ್ ರಾಂಗ್ ಇರಬಹುದು ತಮ್ಮಾ, ಮನುಷ್ಯಾರು ರಾಂಗ್ ಅಲ್ಲ" ಎನ್ನುತ್ತಿದ್ದರು.

ಹಳೆಯ ಫೋನ್ ಪೆಟ್ಟಿಗೆ ಕೆಟ್ಟಾಗ ನಾನು ಇಂಟರ್ನೆಟ್ ಮೂಲಕ ಮಾತಾಡುವ ಹೊಸ ವ್ಯವಸ್ಥೆ ತಂದೆ. ಒಂದು ಕಂಪ್ಯೂಟರೇ ಎಕ್ಸ್‌ಚೇಂಜ್. ಅದನ್ನು ನಾವು ಸರ್ವರ್ ಎನ್ನುತ್ತಿದ್ದೆವು. ಶಾಖೆಗಳ ಫೋನುಗಳೆಲ್ಲ ಇಂಟರ್ನೆಟ್ಟಿನಲ್ಲಿ ಬಂದು ಅದರ ಹತ್ತಿರ ತಮ್ಮ ಹೆಸರು ಹಚ್ಚಿಕೊಳ್ಳುತ್ತವೆ. ಹೊರಗಿನವರು ಆಸ್ಪತ್ರೆಯ ನಂಬರಿಗೆ ಮಾಡುವ ಕರೆಗಳೂ ಅದರಲ್ಲೇ ಬರುತ್ತವೆ. ಹುಬ್ಬಳ್ಳಿಯ ಎಂಜಿನಿಯರೊಬ್ಬರು ಫೋನಿನಲ್ಲಿ ಹೇಳಿಕೊಟ್ಟರು, ನಾನು ಮಾಡಿದೆ. ಅಕ್ಕೋರು ಹಳೇ ಕುರ್ಚಿಯನ್ನು ಸರ್ವರ್ ಪಕ್ಕಕ್ಕೆ ಎಳೆದುಕೊಂಡು ಕೂತು ಎಲ್ಲವನ್ನೂ ನೋಡಿದರು.

"ಇದು ಎಲ್ಲಿ ಕೂತು ಕೇಳ್ತೈತಿ?" ಎಂಬುದು ಅವರ ಮೊದಲ ಪ್ರಶ್ನೆ.

ನನಗೆ ಆಶ್ಚರ್ಯ. ಸರ್ವರಿಗೆ ನಾವು ಮೊದಲು ಹೇಳಬೇಕಾದದ್ದು ಅದನ್ನೇ: ಯಾವ ವಿಳಾಸದಲ್ಲಿ ಕಿವಿಯಿಟ್ಟು ಕೂರಬೇಕು ಎಂದು. ಸೆಟ್ಟಿಂಗ್ ಫೈಲಿನಲ್ಲಿ ಅದಕ್ಕೊಂದು ಸಾಲು ಇರುತ್ತದೆ. ಅಲ್ಲಿ ನಾನು ಚುಕ್ಕಿ ಹಾಕಿ ನಾಲ್ಕು ಸೊನ್ನೆ ಬರೆದಿದ್ದೆ. "ಇದಕ್ಕಿರೋ ಎಲ್ಲ ವಿಳಾಸದಾಗೂ ಕೇಳು ಅಂತ ಅರ್ಥರಿ" ಎಂದೆ. ಅಕ್ಕೋರು ಅದನ್ನು ತಮ್ಮ ರೂಲ್ ನೋಟುಬುಕ್ಕಿನಲ್ಲಿ ಪೆನ್ಸಿಲ್‌ನಿಂದ ಬರೆದುಕೊಂಡರು. ಎಲ್ಲ ಫೋನುಗಳ ವಿಳಾಸವನ್ನೂ ಬರೆದುಕೊಂಡು ಎರಡು ವಾರದಲ್ಲಿ ಬಾಯಿಪಾಠ ಮಾಡಿಬಿಟ್ಟರು. ನಾನು ಸ್ಕ್ರೀನ್ ನೋಡುವ ಮೊದಲೇ, "ನೂರಾ ಹನ್ನೆರಡು ಯಲಬುರ್ಗಾ ಡ್ರೆಸ್ಸಿಂಗ್ ರೂಮು" ಎನ್ನುತ್ತಿದ್ದರು.

ಒಂದೇ ಒಂದು ವಿಷಯಕ್ಕೆ ನಮಗೆ ಜಗಳವಾಯಿತು. ಅವರ ಮೇಜಿನ ಮೇಲೆ ಇಲಾಖೆಯ ಹಳೆಯ ತಾಮ್ರದ ತಂತಿಯ ಫೋನೊಂದಿತ್ತು. ಇನ್ನು ಅದರ ಕೆಲಸವಿಲ್ಲ, ತೆಗೆಸುತ್ತೇನೆ ಎಂದೆ. "ಮುಟ್ಟಿದ್ರ ನೋಡ್ರಿ!" ಎಂದರು. ದೊಡ್ಡ ಡಾಕ್ಟರವರೆಗೂ ದೂರು ಹೋಯಿತು. ಫೋನು ಉಳಿಯಿತು.

ಹೀಗೇ ಒಂದೆರಡು ವರ್ಷ ನಡೆಯಿತು. ಆಮೇಲೆ ತಾವರಗೇರಾದಲ್ಲಿ ಹೊಸ ಶಾಖೆ ತೆರೆದೆವು.

ಅಲ್ಲಿ ಸಿಕ್ಕ ಇಂಟರ್ನೆಟ್ ಹೊಸ ತರಹದ್ದು. ನಾಲ್ಕು ಸಂಖ್ಯೆಯ ಹಳೆಯ ಗಿಡ್ಡ ವಿಳಾಸಗಳು ಪ್ರಪಂಚದಲ್ಲಿ ಖರ್ಚಾಗುತ್ತ ಬಂದಿದ್ದವು. ಅವುಗಳ ಜಾಗಕ್ಕೆ ಬಂದ ಹೊಸ ವಿಳಾಸಗಳು ಬಹಳ ಉದ್ದ, ಅಂಕಿಯೂ ಅಕ್ಷರವೂ ಬೆರೆತು ಸಾಲಿನುದ್ದಕ್ಕೂ ಹರಿಯುತ್ತವೆ. ತಾವರಗೇರಾದ ಫೋನಿಗೆ ಅಂಥದ್ದೇ ಒಂದು ಸಿಕ್ಕಿತ್ತು. ಅಕ್ಕೋರು ಅದನ್ನು ನೋಟುಬುಕ್ಕಿಗೆ ಬರೆದುಕೊಳ್ಳತೊಡಗಿ ಅರ್ಧಕ್ಕೆ ಪೆನ್ಸಿಲ್ ಕೆಳಗಿಟ್ಟರು. "ಇದು ವಿಳಾಸ ಅಲ್ಲ ತಮ್ಮಾ, ವಂಶಾವಳಿ!"

ನಮ್ಮ ಸರ್ವರಿಗೆ ಎರಡೂ ಬಗೆಯ ವಿಳಾಸಗಳಿದ್ದವು. ಆದರೂ ತಾವರಗೇರಾದ ಫೋನು ಎಷ್ಟು ಕರೆದರೂ ಸರ್ವರ್ ಓಗೊಡಲಿಲ್ಲ. ಸ್ಕ್ರೀನಿನಲ್ಲಿ ಆ ಶಾಖೆಯ ದೀಪ ಕೆಂಪಾಗಿಯೇ ಇತ್ತು. ಮೂರು ದಿನ ಒದ್ದಾಡಿದೆ. ನಾಲ್ಕನೇ ದಿನ ಬೆಳಿಗ್ಗೆ, ಹೊರರೋಗಿಗಳ ಸಾಲು ಬಾಗಿಲ ಹೊರಗೆ ಬೆಳೆದಿದ್ದ ಹೊತ್ತಿನಲ್ಲಿ, ನನಗೊಂದು ಉಪಾಯ ಹೊಳೆಯಿತು. ಆ ನಾಲ್ಕು ಸೊನ್ನೆಯ ಜಾಗದಲ್ಲಿ ಸರ್ವರಿನ ಉದ್ದನೆಯ ವಿಳಾಸವನ್ನೇ ಬರೆದರೆ? ಬರೆದೆ. ಸರ್ವರ್ ನಿಲ್ಲಿಸಿ ಚಾಲೂ ಮಾಡಿದೆ. ತಾವರಗೇರಾದ ದೀಪ ಹಸಿರಾಯಿತು!

ಯಾರಿಗೂ ಹೇಳಲಿಲ್ಲ. ಬೇರೆ ದೀಪಗಳನ್ನು ನೋಡಲೂ ಇಲ್ಲ. ಗೆದ್ದ ಖುಷಿಯಲ್ಲಿ ಎದುರಿನ ಹೋಟೆಲಿಗೆ ಹೋಗಿ ಮಂಡಕ್ಕಿ ಒಗ್ಗರಣಿ, ಮಿರ್ಚಿ ಭಜಿ ತಿನ್ನುತ್ತ ಕೂತೆ.

ಎರಡನೇ ಮಿರ್ಚಿ ಕಡಿಯುವಷ್ಟರಲ್ಲಿ ಅಕ್ಕೋರೇ ಹೋಟೆಲಿನ ಬಾಗಿಲಿಗೆ ಬಂದು ನಿಂತಿದ್ದರು. ಕುರ್ಚಿ ಬಿಟ್ಟು ಅವರು ಹೊರಬಂದದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

"ಏನರ ಮಾಡೀರೇನು?"

"ಯಾಕ್ರಿ ಅಕ್ಕೋರ?"

"ಕಾಲು ತಾಸಿನಿಂದ ಒಂದು ಫೋನ್ ಬಂದಿಲ್ಲ. ಭತ್ತದ ಕೊಯ್ಲಿನ ದಿನ. ಇಷ್ಟೊತ್ತಿಗೆ ಹತ್ತು ಬರಬೇಕು. ಊರೆಲ್ಲ ಆರಾಮ ಐತಿ ಅಂತಲ್ಲ ಇದು. ನಮ್ಮ ಕಿವಿ ಬಂದ್ ಅದಾವು."

ಓಡಿದೆವು. ಸ್ಕ್ರೀನಿನಲ್ಲಿ ತಾವರಗೇರಾ ಒಂದೇ ಹಸಿರು. ಕುಷ್ಟಗಿ, ಯಲಬುರ್ಗಾ, ಕಾರಟಗಿ, ಹೊರಗಿನ ಲೈನು ಎಲ್ಲ ಕೆಂಪು. ನಾನು ಕೀಬೋರ್ಡಿನ ಮೇಲೆ ಬಿದ್ದೆ. ಅಕ್ಕೋರು ಸ್ಕ್ರೀನ್ ಕಡೆ ನೋಡಲೂ ಇಲ್ಲ. ಬಳೆ ಮೇಲೇರಿಸಿ, ಹಳೆಯ ತಾಮ್ರದ ಫೋನೆತ್ತಿ, ನೋಟುಬುಕ್ಕಿನ ಕೊನೆಯ ಪುಟದಲ್ಲಿ ಬರೆದಿಟ್ಟಿದ್ದ ನರ್ಸುಗಳ ಮೊಬೈಲ್ ನಂಬರುಗಳನ್ನು ಒಂದೊಂದಾಗಿ ಒತ್ತತೊಡಗಿದರು. ಕುಷ್ಟಗಿ ಆರಾಮ. ಯಲಬುರ್ಗಾ ಆರಾಮ. ಮೂರನೆಯದು ಕಾರಟಗಿ.

ಅಲ್ಲಿಯ ನರ್ಸಿನ ಕೂಗು ನನಗೂ ಕೇಳಿಸಿತು. "ಅಕ್ಕೋರ, ಎಷ್ಟು ಸಲ ಹಚ್ಚಿದೆ, ಯಾರೂ ಎತ್ತವಲ್ರು! ಹಾವು ಕಡದ ಪೇಷಂಟ್ ಬಂದಾಳ. ನಮ್ಮ ಡಾಕ್ಟರ್ ರಜಾದ ಮ್ಯಾಲ ಅದಾರ. ಔಷಧ ಐತಿ, ಏರಿಸ್ಲೋ, ಅಲ್ಲಿಗೆ ಕಳಸ್ಲೋ? ದೊಡ್ಡ ಸಾಹೇಬ್ರ ಮೊಬೈಲ್ ಹೊಡಕೊಂತೈತಿ, ಎತ್ತವಲ್ರು."

ದೊಡ್ಡ ಡಾಕ್ಟರು ವಾರ್ಡಿನಲ್ಲಿದ್ದರು, ಮೊಬೈಲು ಅವರ ಕೋಣೆಯ ಮೇಜಿನ ಮೇಲಿತ್ತು. ಅಕ್ಕೋರು ನನಗೆ ವಾರ್ಡಿನ ಕಡೆ ಕೈ ತೋರಿಸಿದರು. ನಾನು ಓಡಿ ಡಾಕ್ಟರನ್ನು ಕರೆತಂದೆ. ಬರುವಷ್ಟರಲ್ಲಿ ಫೋನಿನ ಆ ಕಡೆ ಕಡಿಸಿಕೊಂಡವಳ ಗಂಡನಿದ್ದ. ಅಕ್ಕೋರು ಕಣ್ಣು ಮುಚ್ಚಿಕೊಂಡು, "ಏಮೀ ಕಾದು, ಭಯಪಡಕಂಡಿ" ಎಂದು ತೆಲುಗಿನಲ್ಲಿ ಮತ್ತೆ ಮತ್ತೆ ಹೇಳುತ್ತಿದ್ದರು. ಏನೂ ಆಗುವುದಿಲ್ಲ, ಹೆದರಬೇಡಿ. ಏನೂ ಆಗುವುದಿಲ್ಲವೆಂದು ಅವರಿಗೇನೂ ಗೊತ್ತಿರಲಿಲ್ಲ. ಅವರು ನನ್ನೆದುರು ಹೇಳಿದ ಒಂದೇ ಸುಳ್ಳು ಅದಿರಬೇಕು.

ಡಾಕ್ಟರು ಹಳೆಯ ಫೋನಿನಲ್ಲೇ ನಿಂತು ನರ್ಸಿಗೆ ಒಂದೊಂದಾಗಿ ಹೇಳಿದರು: ಎಷ್ಟು ಏರಿಸಬೇಕು, ಏನು ನೋಡುತ್ತಿರಬೇಕು, ಯಾವಾಗ ಗಾಡಿ ಹತ್ತಿಸಬೇಕು. ಮಧ್ಯಾಹ್ನದೊಳಗೆ ಆಂಬುಲೆನ್ಸ್ ಬಂತು. ಆಕೆ ಕಣ್ಣು ಬಿಟ್ಟುಕೊಂಡೇ ಒಳಬಂದಳು. ನಾಲ್ಕನೇ ದಿನ ನಡೆದುಕೊಂಡು ಮನೆಗೆ ಹೋದಳು. ಆದರೆ ಆ ಕಾಲು ತಾಸು ಅರ್ಧ ತಾಸಾಗಿದ್ದರೆ ಎಂಬ ಯೋಚನೆ ಈಗಲೂ ಒಮ್ಮೊಮ್ಮೆ ಬರುತ್ತದೆ.

ಡಾಕ್ಟರು ಫೋನಿಟ್ಟು ವಾರ್ಡಿಗೆ ಮರಳಿದರು. ನಾನು ಸರ್ವರಿನ ಮುಂದೆ ಕೂತಿದ್ದೆ. ಹಳೆಯ ನಾಲ್ಕು ಸೊನ್ನೆಗಳನ್ನೇ ವಾಪಸು ಹಾಕಿದ್ದೆ. ಉಳಿದೆಲ್ಲ ಹಸಿರಾಗಿ, ತಾವರಗೇರಾ ಮತ್ತೆ ಕೆಂಪಾಗಿತ್ತು.

"ತಾವರಗೇರಾ ಆಗಂಗಿಲ್ರಿ ಅಕ್ಕೋರ. ಬಿಟ್ಟುಬಿಡೂಣು."

"ಯಾಕ ಬಿಡೂದು? ಅಲ್ಲಿ ಹಾವಿಲ್ಲೇನು?" ಎಂದು ಕುರ್ಚಿ ಎಳೆದುಕೊಂಡರು. "ಈ ನಾಕು ಸೊನ್ನಿ ಅಂದ್ರ ಎಲ್ಲ ವಿಳಾಸದಾಗ ಕೇಳು ಅಂತ ಹೇಳಿದ್ರಿ. ಎಲ್ಲ ಅಂದ್ರ ಎಲ್ಲ, ಹೌದಲ್ಲೋ? ಮತ್ತ ತಾವರಗೇರಾದ್ದು ಯಾಕ ಕೇಳವಲ್ದು?"

ಎರಡು ವರ್ಷದ ಹಿಂದೆ ಅವರಿಗೆ ಅರ್ಧ ಸತ್ಯ ಹೇಳಿದ್ದೆ. ನಾಲ್ಕು ಸೊನ್ನೆಯೆಂದರೆ ಗಿಡ್ಡ ವಿಳಾಸಗಳೆಲ್ಲ ಎಂದು ಮಾತ್ರ. ಉದ್ದದವು ಆ ಲೆಕ್ಕದಲ್ಲೇ ಇಲ್ಲ. ಹಾಗೆಂದು ಹೇಳಿದೆ.

"ಹಂಗಾದ್ರ ಉದ್ದನ್ನವಕ್ಕ 'ಎಲ್ಲ' ಅಂತ ಹೆಂಗ ಬರೀತಾರ?"

"ಎರಡು ಕೋಲನ್ ಹಾಕ್ತಾರ್ರಿ. ಮ್ಯಾಲೊಂದು ತಳಗೊಂದು ಚುಕ್ಕಿ, ಅಂಥಾವ ಎರಡು, ಬಾಜೂ ಬಾಜೂ. ಆದ್ರ ಅದನ್ನ ಹಾಕಿದ್ರ ಗಿಡ್ಡವು ಮತ್ತ ಹೋಗತಾವಲ್ರಿ."

"ಹೋಗತಾವು ಅಂತ ಯಾರು ಹೇಳಿದ್ರು?"

ಯಾರೂ ಹೇಳಿರಲಿಲ್ಲ. ನಾನೇ ಅಂದುಕೊಂಡಿದ್ದೆ. ಸರ್ವರಿನ ಸೂಚನೆಗಳನ್ನು ಪ್ರಿಂಟ್ ತೆಗೆದು ಇಟ್ಟುಕೊಂಡಿದ್ದ ಹಾಳೆಗಳು ಎರಡು ವರ್ಷದಿಂದ ನನ್ನ ಮೇಜಿನ ಮೇಲೆ ಚಹಾ ಲೋಟಕ್ಕೆ ಅಡಿಯಾಗಿದ್ದವು. ಅಕ್ಕೋರು ಲೋಟ ಎತ್ತಿ ಪಕ್ಕಕ್ಕಿಟ್ಟು ಹಾಳೆ ತೆಗೆದರು. ಅವರ ಇಂಗ್ಲಿಷು ಅಷ್ಟಕ್ಕಷ್ಟೆ. ಪೆನ್ಸಿಲನ್ನು ಒಂದೊಂದೇ ಪದದ ಕೆಳಗೆ ಸರಿಸುತ್ತ ಓದುತ್ತಿದ್ದರು. ನನಗೆ ಅಷ್ಟು ಇಂಗ್ಲಿಷು ಬರುತ್ತಿದ್ದರಿಂದಲೇ ನಾನು ಓದಿರಲಿಲ್ಲ. ಎರಡು ಚುಕ್ಕಿ ಜೋಡಿಗಳನ್ನು ಕಂಡಲ್ಲಿ ಪೆನ್ಸಿಲ್ ನಿಂತಿತು. "ಇದನ್ನ ಓದಿ ಹೇಳ್ರಿ."

ಓದಿದೆ. ಹೀಗೆ ಬರೆದರೆ ಸಾಮಾನ್ಯವಾಗಿ ಸರ್ವರ್ ಉದ್ದದ ವಿಳಾಸಗಳ ಜೊತೆಗೆ ಗಿಡ್ಡ ವಿಳಾಸಗಳಲ್ಲೂ ಕೇಳುತ್ತದೆ ಎಂದಿತ್ತು. ಒಂದೇ ಒಂದು ಸಾಲು. ಮೂರು ದಿನ ನಾನು ಒದ್ದಾಡಿದ್ದಕ್ಕೆಲ್ಲ ಉತ್ತರ ಆ ಲೋಟದ ಕೆಳಗಿತ್ತು.

"ಈಗ ಕೈ ಹಚ್ಚಬ್ಯಾಡ್ರಿ" ಎಂದರು ಅಕ್ಕೋರು. "ಮೊದಲು ಎಲ್ಲಾರಿಗೂ ಹೇಳೂಣು." ಹಳೆಯ ಫೋನಿನಿಂದ ನಾಲ್ಕೂ ಶಾಖೆಗಳಿಗೆ ಹೇಳಿದರು: ಊಟದ ಹೊತ್ತಿನಲ್ಲಿ ಐದು ನಿಮಿಷ ಫೋನು ನಿಲ್ಲುತ್ತದೆ, ಏನಿದ್ದರೂ ಈ ಇನ್ನೊಂದು ನಂಬರಿಗೆ ಹಚ್ಚಿರಿ. ಆಮೇಲೆ ನಾನು ನಾಲ್ಕು ಸೊನ್ನೆ ಅಳಿಸಿ ಎರಡು ಕೋಲನ್ ಬರೆದೆ. ಸರ್ವರ್ ಚಾಲೂ ಆಯಿತು. ಕುಷ್ಟಗಿ ಹಸಿರು. ಯಲಬುರ್ಗಾ ಹಸಿರು. ಕಾರಟಗಿ, ಹೊರಗಿನ ಲೈನು. ಕೊನೆಗೆ ಒಂದು ಉಸಿರಿನಷ್ಟು ತಡವಾಗಿ ತಾವರಗೇರಾ.

ನಾನು ಎದ್ದು ನಿಂತುಬಿಟ್ಟೆ. ಅಕ್ಕೋರು ಏಳಲಿಲ್ಲ. "ಹಸರು ದೀಪಕ್ಕ ಬಾಯಿಲ್ಲ ತಮ್ಮಾ. ಮಾತಾಡಿಸಿ ನೋಡೂಣು" ಎಂದು ಒಂದೊಂದು ಶಾಖೆಗೂ ಹೊಸ ಫೋನಿನಿಂದ ಕರೆ ಮಾಡಿದರು. ಮೂರರಲ್ಲಿ ಮಾತು ಛಲೋ ಬಂತು. ತಾವರಗೇರಾದಲ್ಲಿ ಗಂಟೆ ಬಾರಿಸಿತು, ನರ್ಸು ಎತ್ತಿದಳು, ಆದರೆ ಅವಳ ಮಾತು ಇಲ್ಲ. ಅಕ್ಕೋರು ಅವಳಿಗೆ, "ನನ್ನ ದನಿ ಕೇಳಸ್ತಿದ್ರ ಫೋನ್ ಒಮ್ಮೆ ಇಟ್ಟು ಮತ್ತ ಎತ್ತವ್ವ" ಎಂದರು. ಕೂಡಲೇ ಲೈನ್ ಕಟ್ಟಾಯಿತು, ಆ ಕಡೆ ಫೋನು ಇಟ್ಟಿದ್ದಳು. ಹಾಗಾದರೆ ನಮ್ಮ ಮಾತು ಹೋಗುತ್ತಿದೆ, ಅವಳದು ಬರುತ್ತಿಲ್ಲ.

ಈ ಸಲ ನನಗೆ ಹೊಳೆಯಲು ತಡವಾಗಲಿಲ್ಲ. ಸರ್ವರಿನ ಕಾವಲಿಗೆ ಹಾಕಿದ್ದ ನಿಯಮಗಳಲ್ಲಿ ಧ್ವನಿ ಒಳಗೆ ಬರುವ ದಾರಿಯನ್ನು ಗಿಡ್ಡ ವಿಳಾಸಗಳಿಗೆ ಮಾತ್ರ ತೆರೆದಿದ್ದೆ. ಉದ್ದದವಕ್ಕೆ ಬೇರೆಯೇ ತೆರೆಯಬೇಕಿತ್ತು. ತೆರೆದೆ. ಮತ್ತೆ ಕರೆ ಹೋಯಿತು.

"ಈಗ ಮಾತಾಡವ್ವ."

"ಊಟ ಆತೇನ್ರಿ ಅಕ್ಕೋರ?" ಎಂದಿತು ತಾವರಗೇರಾ, ಗಂಟೆ ಬಾರಿಸಿದಷ್ಟು ಸ್ಪಷ್ಟವಾಗಿ.

ಅಕ್ಕೋರು ಕಣ್ಣು ತೆರೆದರು. ನಗುತ್ತಿದ್ದರು. ನಾನು ಕಣ್ಣೊರೆಸಿಕೊಂಡದ್ದನ್ನು ನೋಡದವರಂತೆ ಇದ್ದರು.

ನನ್ನ ಎದೆಯಲ್ಲಿ ಇನ್ನೊಂದು ಭಾರ ಉಳಿದಿತ್ತು. ಬೆಳಿಗ್ಗೆ ಫೋನುಗಳು ಯಾಕೆ ನಿಂತವೆಂದು ದೊಡ್ಡ ಡಾಕ್ಟರು ಇನ್ನೂ ಕೇಳಿರಲಿಲ್ಲ. ಇಂಟರ್ನೆಟ್ ಕೈಕೊಟ್ಟಿತೆಂದರೆ ನಂಬುತ್ತಿದ್ದರು. ಅಕ್ಕೋರ ಮುಖ ನೋಡಿದೆ. ಅವರು ನೋಟುಬುಕ್ಕಿನಲ್ಲಿ ಬರೆಯುತ್ತ ತಲೆಯೆತ್ತದೆ ಹೇಳಿದರು: "ನೀವ ಹೋಗಿ ಹೇಳ್ರಿ. ಇಂಥಾ ಸುದ್ದಿ ಮಾಡಿದವರ ಬಾಯಿಂದ ಮೊದಲು ಹೋಗಬೇಕು. ಬ್ಯಾರೆದವರ ಬಾಯಿಂದ ಹೋದ್ರ ಅದು ಚಾಡಿ ಆಗ್ತೈತಿ."

ಹೋಗಿ ಹೇಳಿದೆ. ನಾನೇ ಮಾಡಿದ್ದು, ಕೆಲಸದ ಹೊತ್ತಿನಲ್ಲಿ ಮಾಡಿದ್ದು, ಮಾಡಿ ತಿನ್ನಲು ಹೋದದ್ದು, ಎಲ್ಲವನ್ನೂ. ಡಾಕ್ಟರು ಸ್ಟೆಥಸ್ಕೋಪು ತೆಗೆದು ಮೇಜಿನ ಮೇಲಿಟ್ಟರು. "ಆ ಹಳೇ ಫೋನ್ ತೆಗೆಸಬೇಕು ಅಂತ ಜಗಳ ಮಾಡಿದ್ದು ನೀವೇ ಅಲ್ವಾ?" ಎಂದರು. ಹೌದೆಂದೆ. "ಇನ್ಮೇಲೆ ಅದರ ಧೂಳು ಒರೆಸೋ ಕೆಲಸ ನಿಮ್ಮದು" ಎಂದರು. ಶಿಕ್ಷೆ ಅಷ್ಟೆ. ನಾನದನ್ನು ವರ್ಷಗಟ್ಟಲೆ ತಪ್ಪದೆ ಅನುಭವಿಸಿದೆ.

ಸೆಟ್ಟಿಂಗ್ ಫೈಲಿನಲ್ಲಿ ಮುಂದೆ ಕೈಹಾಕುವವರಿಗೆಂದು ಟಿಪ್ಪಣಿ ಬರೆಯಬಹುದು, ಸರ್ವರ್ ಅದನ್ನು ಓದುವುದಿಲ್ಲ ಎಂದು ಅಕ್ಕೋರಿಗೆ ಹೇಳಿದ್ದೇ ತಡ, ಆ ಎರಡು ಕೋಲನ್‌ಗಳ ಮೇಲೆ ಕನ್ನಡದಲ್ಲಿ ಒಂದು ಟಿಪ್ಪಣಿ ಹಾಕಿಸಿದರು. ಅವರು ಹೇಳಿದರು, ನಾನು ಟೈಪ್ ಮಾಡಿದೆ: "ಇಲ್ಲಿ ಕೈ ಹಚ್ಚುವ ಮೊದಲು ನಾಲ್ಕೂ ಊರಿಗೆ ತಿಳಿಸಿರಿ. ಕೈ ಹಚ್ಚಿದ ಮೇಲೆ ನಾಲ್ಕೂ ಊರನ್ನು ಮಾತಾಡಿಸಿರಿ. ಆಮೇಲೆ ಮಿರ್ಚಿ ತಿನ್ನಿರಿ." ಕೆಲ ವರ್ಷಗಳ ನಂತರ ಹುಬ್ಬಳ್ಳಿಯ ಎಂಜಿನಿಯರ್ ಖುದ್ದಾಗಿ ಬಂದು ಫೈಲು ತೆರೆದಾಗ ಈ ಮೂರನೇ ಸಾಲಿನ ತಾಂತ್ರಿಕ ಅರ್ಥವೇನೆಂದು ಗಂಭೀರವಾಗಿ ಕೇಳಿದರು.

ಅಕ್ಕೋರ ಎರಡನೇ ನಿವೃತ್ತಿ ಅವರ ಕಿವಿಯಿಂದ ಬಂತು. ಒಂದು ದಿನ ಅವರು ಫೋನನ್ನು ಎಡಗಿವಿಯಿಂದ ಬಲಗಿವಿಗೆ ಬದಲಿಸಿದ್ದನ್ನು ನೋಡಿದೆ. ಹಾಗೆ ಅವರು ಮಾಡಿದ್ದೇ ಇಲ್ಲ. ಏನೂ ಕೇಳಲಿಲ್ಲ. ತಿಂಗಳ ಕೊನೆಗೆ ಅವರಾಗಿಯೇ ದೊಡ್ಡ ಡಾಕ್ಟರ ಹತ್ತಿರ ಹೋದರು. "ಎಡಗಿವಿ ಅರ್ಧ ಇಲಾಖೆಯಾಗ ಸವಸಿದೆ, ಇನ್ನರ್ಧ ನಿಮ್ಮ ಆಸ್ಪತ್ರ್ಯಾಗ. ಬಲಗಿವಿನೂ ಮಂದ ಆಗೈತಿ. ನಿನ್ನಿ ಒಬ್ಬಾಕಿ ತನ್ನ ಊರ ಹೆಸರು ಮೂರು ಸಲ ಹೇಳಬೇಕಾತು. ನಾಲ್ಕನೇ ಸಲ ಹೇಳೂ ಹೊತ್ತಿರದವರು ಫೋನ್ ಮಾಡ್ತಾರ್ರಿ ಇಲ್ಲಿ. ನಾ ಇನ್ನ ಹೊಂಡ್ತೀನಿ." ಡಾಕ್ಟರು ಬೇರೆ ಕೆಲಸ ಕೊಡುತ್ತೇನೆಂದರು. "ಬ್ಯಾರೆ ಕೆಲಸ ನನಗ ಬರಂಗಿಲ್ರಿ" ಎಂದು ನಕ್ಕುಬಿಟ್ಟರು. ಅವರ ಕುರ್ಚಿಗೆ ತಾವರಗೇರಾದ ಅದೇ ನರ್ಸಿನ ತಂಗಿ ಬಂದಳು. ಎರಡು ತಿಂಗಳು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದರು. ಹೋಗುವ ದಿನ ಭಾಷಣಕ್ಕೆ ಕರೆದರೆ, ನೋಟುಬುಕ್ಕನ್ನು ಅವಳ ಕೈಗಿತ್ತು ಬಸ್ಸು ಹತ್ತಿದರು.

ಈಗ ಅಕ್ಕೋರು ಯಲಬುರ್ಗಾದಲ್ಲಿ ತಮ್ಮ ತಂಗಿಯ ಮನೆಯ ಪಕ್ಕದಲ್ಲೇ ಒಂದು ಮನೆ ಮಾಡಿಕೊಂಡಿದ್ದಾರೆ. ಹೋದ ತಿಂಗಳು ನೋಡಲು ಹೋಗಿದ್ದೆ. ಬಾಗಿಲಲ್ಲೇ ಕೈಹಿಡಿದು ಒಳಗೆ ಕರೆದು, ಶೇಂಗಾ ಹೋಳಿಗೆ ಮುಂದಿಟ್ಟು, ಕಿವಿಗೆ ಹಾಕಿಕೊಂಡ ಸಣ್ಣ ಯಂತ್ರವನ್ನು ಮಕ್ಕಳು ಆಟಿಕೆ ತೋರಿಸುವ ಹಾಗೆ ತೋರಿಸಿದರು. ಮೊದಲ ವಾರ ತಮ್ಮ ಬಳೆಗಳ ಸಪ್ಪಳಕ್ಕೇ ಬೆಚ್ಚಿದರಂತೆ. ಮೂರನೇ ಮನೆಯ ಅತ್ತೆ ಸೊಸೆಯರ ಜಗಳ ಈಗ ಪೂರ್ತಿ ತಿಳಿಯುತ್ತದಂತೆ, ಸೊಸೆಯದೇ ಸರಿಯಂತೆ. ಆಸ್ಪತ್ರೆಯ ಒಬ್ಬೊಬ್ಬರನ್ನೂ ಹೆಸರು ಹಿಡಿದು ವಿಚಾರಿಸಿದರು.

ಆಮೇಲೆ ನಾನು ಶುರು ಮಾಡಿದೆ. ಹೊಸ ಸರ್ವರ್ ತರಿಸಿದ್ದು, ಅದರಲ್ಲಿ ಗಿಡ್ಡ ವಿಳಾಸಕ್ಕೂ ಉದ್ದದ ವಿಳಾಸಕ್ಕೂ ಬೇರೆ ಬೇರೆ ಸಾಲು ಬರೆಯಬೇಕಾದದ್ದು, ಒಂದು ಸಾಲು ಬಿಟ್ಟು ಹೇಗೆ ಪೇಚಿಗೆ ಬಿದ್ದೆ, ಹೇಗೆ ಪಾರಾದೆ. ಅಕ್ಕೋರು ಗೋಡೆಗೊರಗಿ, ಕಣ್ಣು ಮುಚ್ಚಿ, ಮುಗುಳ್ನಗುತ್ತ, ತಕ್ಕ ಜಾಗದಲ್ಲೆಲ್ಲ ತಲೆದೂಗುತ್ತಿದ್ದರು. ಇಷ್ಟು ಚೆನ್ನಾಗಿ ನನ್ನ ಮಾತನ್ನು ಯಾರೂ ಕೇಳಿದ್ದಿಲ್ಲವೆಂದು ನಾನು ಇನ್ನೂ ಹುರುಪಿನಿಂದ ಹೇಳಿದೆ. ಅರ್ಧ ತಾಸು ಕಳೆದ ಮೇಲೆ ನೀರಿಗೆಂದು ಕೈಚಾಚಿದಾಗ ಕಂಡಿತು: ಕಿವಿಯ ಯಂತ್ರ ತಂಬಿಗೆಯ ಪಕ್ಕದ ಬಟ್ಟಲಿನಲ್ಲಿ ತಣ್ಣಗೆ ಮಲಗಿತ್ತು.

ಅವರು ಒಂದು ಕಣ್ಣು ತೆರೆದು ನನ್ನನ್ನು ನೋಡಿದರು. ನಾನು ಬಟ್ಟಲು ನೋಡಿದ್ದು ಅವರಿಗೆ ತಿಳಿಯಿತು.

"ಹೇಳ್ಕೊಂತ ಹೋಗ್ರಿ, ಹೇಳ್ಕೊಂತ ಹೋಗ್ರಿ" ಎಂದು ಮತ್ತೆ ಕಣ್ಣು ಮುಚ್ಚಿದರು. "ನೀವು ಖುಷಿಯಾಗಿ ಅದೀರಿ ಅನ್ನೂದು ಮಾರಿ ಮ್ಯಾಲ ಕಾಣಸ್ತೈತಿ."

ನಾನು ನಕ್ಕು, ಹೋಳಿಗೆ ಮುರಿದು ಬಾಯಿಗಿಟ್ಟುಕೊಂಡು, ಉಳಿದದ್ದನ್ನೂ ಹೇಳಿ ಮುಗಿಸಿದೆ.